ಹನ್ನೊಂದನೇ ಮೆಟ್ಟಿಲಿನ ಸಿಗ್ನಲ್

ಕಳೆದ ವರ್ಷ ಆಗಸ್ಟ್ ತಿಂಗಳ ಒಂದು ಸಂಜೆ. ಆಫೀಸ್ ಮುಗಿಸಿ ಕೋಣನಕುಂಟೆ ಕ್ರಾಸ್ ಮೆಟ್ರೋ ಸ್ಟೇಷನ್‌ನಲ್ಲಿ ಇಳಿಯುವಾಗಲೇ ಮಳೆ ಶುರುವಾಗಿತ್ತು. ಆಟೋ ಸಿಗಲಿಲ್ಲ. ಅರ್ಧ ನೆನೆದುಕೊಂಡು ವಸಂತಪುರದ ನಮ್ಮ ಮನೆ ಗೇಟು ತೆಗೆದರೆ, ಹೊರಗಿನ ಮೆಟ್ಟಿಲ ಮೇಲೆ ಅಪ್ಪ ಕೂತಿದ್ದಾರೆ. ಛತ್ರಿಯ ಹಿಡಿಯನ್ನು ಹೆಗಲಿಗೂ ಕತ್ತಿಗೂ ನಡುವೆ ಸಿಕ್ಕಿಸಿಕೊಂಡಿದ್ದಾರೆ. ತೊಡೆಯ ಮೇಲೆ ಒಂದು ರಟ್ಟು, ಕೈಯಲ್ಲಿ ಫೋನು.

"ಅಪ್ಪ, ಮಳೇಲಿ ಯಾಕೆ ಕೂತಿದೀರ? ಒಳಗೆ ಹೋಗಿ ಮಾತಾಡಬಾರ್ದಾ?" ಅಂದೆ.

"ಒಳಗೆ ಹೋದ್ರೆ ನಿಮ್ಮ ದೊಡ್ಡಪ್ಪ ನಿಂತ್ಬಿಡ್ತಾನೆ ಕಣೋ" ಅಂದರು ಅಪ್ಪ, ತಲೆ ಎತ್ತದೆ.

ಫೋನಿನ ಆ ಕಡೆ ತಿಪಟೂರಿನ ಹತ್ತಿರದ ನಮ್ಮ ಊರು. ದೊಡ್ಡಪ್ಪನಿಗೆ ಲಕ್ವ ಹೊಡೆದು ಎರಡು ವರ್ಷ. ಬಲಗೈ, ಮಾತು ಎರಡೂ ಹೋಗಿವೆ. ಹಾಗಾಗಿ ಸುಮ್ಮನೆ ಫೋನ್ ಮಾಡಿದರೆ ಪ್ರಯೋಜನವಿಲ್ಲ, ಮುಖ ನೋಡಬೇಕು. ದಿನಾ ಸಂಜೆ ಏಳಕ್ಕೆ ಅಣ್ಣ ತಮ್ಮ ವಿಡಿಯೋ ಕಾಲ್‌ನಲ್ಲಿ ಚೌಕಾಬಾರ ಆಡುತ್ತಾರೆ. ರಟ್ಟಿನ ಮೇಲೆ ಐದೈದು ಮನೆ ಗೀಚಿಕೊಂಡು, ಇಲ್ಲಿ ಒಂದು, ಅಲ್ಲಿ ಒಂದು. ಅಲ್ಲಿ ಕಾಯಿ ನಡೆಸುವುದು ದೊಡ್ಡಮ್ಮ. ದೊಡ್ಡಪ್ಪ ಎಡಗೈ ಬೆರಳಲ್ಲಿ ತೋರಿಸಬೇಕು, ಅಷ್ಟೇ.

ಅಪ್ಪ ಸಂಜೆ ಮೆಟ್ಟಿಲ ಮೇಲೆ ಕೂರುವುದನ್ನು ನಾನು ತಿಂಗಳುಗಟ್ಟಲೆ ನೋಡಿದ್ದೆ. ಗಾಳಿಗೆ ಕೂರುತ್ತಾರೆ ಅಂದುಕೊಂಡಿದ್ದೆ. ಮಂಡಿ ನೋವಿರುವ ಮನುಷ್ಯ ಗಾಳಿಗಾಗಿ ಹನ್ನೊಂದು ಮೆಟ್ಟಿಲು ಯಾಕೆ ಹತ್ತುತ್ತಾರೆ ಅಂತ ಒಮ್ಮೆಯೂ ಯೋಚಿಸಿರಲಿಲ್ಲ.

ತಪ್ಪು ಯಾರದ್ದು?

ನಾನು ಓದಿದ್ದು ಇನ್ಫರ್ಮೇಷನ್ ಸೈನ್ಸ್. ನೆಟ್‌ವರ್ಕಿಂಗ್ ಪರೀಕ್ಷೆಯಲ್ಲಿ ಏಳು ಪದರಗಳ ಹೆಸರು ಉರು ಹೊಡೆದು ಒಳ್ಳೆ ಅಂಕ ತೆಗೆದವನು. ಏಳು ವರ್ಷದಿಂದ ಸಾಫ್ಟ್‌ವೇರ್ ಕೆಲಸ. ಆದರೆ ನಮ್ಮ ಮನೆಯ ವೈಫೈ ಹೇಗೆ ಹರಿಯುತ್ತೆ ಅಂತ ಕೇಳಿದ್ದರೆ, "ಡಬ್ಬಿ ಇದೆ, ಪಾಸ್‌ವರ್ಡ್ ಇದೆ" ಅನ್ನುವುದಕ್ಕಿಂತ ಜಾಸ್ತಿ ಹೇಳುವುದಕ್ಕೆ ಬರುತ್ತಿರಲಿಲ್ಲ.

ಇನ್ನೊಂದು ವಿಷಯ ಒಪ್ಪಿಕೊಳ್ಳಬೇಕು. ಮೊದಲು ಆ ಡಬ್ಬಿ ಕೆಳಗೆ ಹಾಲ್‌ನಲ್ಲಿ, ಟಿವಿ ಪಕ್ಕದಲ್ಲಿತ್ತು. 2020ರ ಲಾಕ್‌ಡೌನ್‌ನಲ್ಲಿ ವರ್ಕ್ ಫ್ರಂ ಹೋಮ್ ಶುರುವಾದಾಗ, ಕನೆಕ್ಷನ್‌ನವರಿಗೆ ಹೇಳಿ ಫೈಬರನ್ನು ಮೊದಲನೇ ಮಹಡಿಯ ನನ್ನ ರೂಮಿಗೆ ಎಳೆಸಿಕೊಂಡವನು ನಾನೇ. ಆಗ ಅಪ್ಪನ ಹತ್ತಿರ ಬಟನ್ ಫೋನ್ ಇತ್ತು, ಯಾರಿಗೂ ಏನೂ ಅನ್ನಿಸಲಿಲ್ಲ. ಆಮೇಲೆ ಆಫೀಸ್ ತೆರೆಯಿತು, ನಾನು ವಾರಕ್ಕೆ ಮೂರು ದಿನ ಹೋಗಿಬರಲು ಶುರು ಮಾಡಿದೆ, ಅಪ್ಪನ ಕೈಗೆ ಸ್ಮಾರ್ಟ್‌ಫೋನ್ ಬಂತು. ಡಬ್ಬಿ ಮಾತ್ರ ನನ್ನ ಮೇಜಿನ ಮೇಲೇ ಉಳಿಯಿತು.

ಅಪ್ಪ ಒಂದು ಸಲ ಹೇಳಿದ್ದರಂತೆ, "ನನ್ನ ರೂಮಲ್ಲಿ ನೆಟ್ ಸರಿಯಾಗಿ ಬರಲ್ಲ" ಅಂತ. ನಾನು ಲ್ಯಾಪ್‌ಟಾಪಿನಿಂದ ಕಣ್ಣು ಎತ್ತದೆ "ಆಫ್ ಮಾಡಿ ಆನ್ ಮಾಡಿ ನೋಡಿ, ಇಲ್ಲಾಂದ್ರೆ ಫೋನ್ ಹಳೇದಾಗಿರ್ಬೇಕು" ಅಂದಿದ್ದೆನಂತೆ. ನನಗೆ ಅದು ನೆನಪೂ ಇಲ್ಲ.

ಆ ರಾತ್ರಿ ನಾಚಿಕೆಯ ಭರದಲ್ಲಿ ಮೂರು ಡಬ್ಬಿಗಳ ಮೆಶ್ ವೈಫೈ ಸೆಟ್ಟನ್ನು ಕಾರ್ಟ್‌ಗೆ ಹಾಕಿದೆ. ಹತ್ತು ಸಾವಿರದ ಮೇಲಿತ್ತು. ಅಪ್ಪನಿಗೆ ತೋರಿಸಿದೆ. ಅಪ್ಪ ಬಿಟಿಎಸ್ ಕಾಲದಲ್ಲಿ ಸೇರಿ ಬಿಎಂಟಿಸಿಯಲ್ಲಿ ರಿಟೈರ್ ಆದ ಮೆಕ್ಯಾನಿಕ್. ರೇಟು ನೋಡಿ ಹೇಳಿದ್ದು ಒಂದೇ ಮಾತು: "ತೊಂದರೆ ಎಲ್ಲಿದೆ ಅಂತ ಮೊದಲು ನೋಡು. ಸ್ಪೇರ್ ಆಮೇಲೆ ತಗೊಳ್ಳೋಣ."

ಸಂಪು ಬೇರೆ, ಪೈಪು ಬೇರೆ

ಭಾನುವಾರ ಬೆಳಿಗ್ಗೆ ಇಬ್ಬರೂ ಕೂತೆವು. ಅಪ್ಪನಿಗೆ ವಿವರಿಸುತ್ತಾ ನಾನೇ ಕಲಿತೆ ಅನ್ನುವುದು ಸರಿ.

ಮೊದಲ ಗೊಂದಲ ನಮ್ಮೆಲ್ಲರದ್ದೂ ಒಂದೇ: ವೈಫೈ ಅಂದರೇ ಇಂಟರ್ನೆಟ್ ಅಂದುಕೊಳ್ಳುವುದು. ಬೆಂಗಳೂರಿನವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ಬೀದಿಯಿಂದ ಸಂಪಿಗೆ ಬರುವ ಕಾವೇರಿ ನೀರು ಇಂಟರ್ನೆಟ್. ಸಂಪಿನಿಂದ ಬಚ್ಚಲಿಗೆ, ಅಡುಗೆಮನೆಗೆ ಹೋಗುವ ಪೈಪು ವೈಫೈ. ಬಚ್ಚಲ ನಲ್ಲಿಯಲ್ಲಿ ನೀರು ಬರದಿದ್ದರೆ ಸೀದಾ ನೀರಿನ ಆಫೀಸಿಗೆ ಫೋನ್ ಮಾಡುವುದಿಲ್ಲ ತಾನೇ? ಮೊದಲು ಸಂಪಿನ ಮುಚ್ಚಳ ತೆಗೆದು ನೋಡುತ್ತೇವೆ.

ನಾವೂ ಹಾಗೇ ಮಾಡಿದೆವು. ಲ್ಯಾಪ್‌ಟಾಪಿಗೆ ಸೀದಾ ಕೇಬಲ್ ಚುಚ್ಚಿ ಸ್ಪೀಡ್ ನೋಡಿದರೆ 94 ಎಂಬಿಪಿಎಸ್. ನಮ್ಮದು 100ರ ಪ್ಲಾನ್. ಅಂದರೆ ಸಂಪು ತುಂಬಿದೆ. ಅಪ್ಪನ ರೂಮಿನಲ್ಲಿ ಫೋನಿನಿಂದ ನೋಡಿದರೆ ಒಂದೂವರೆ, ಒಂದೊಂದು ಸಲ ಅದೂ ಇಲ್ಲ.

"ಬಿಲ್ಲು ಮಾತ್ರ ಎರಡೂ ರೂಮಿಗೆ ಸೇರಿಸಿ ಬರುತ್ತೆ" ಅಂದರು ಅಮ್ಮ, ಕಾಫಿ ಕೊಡುತ್ತಾ.

ಇಲ್ಲಿ ಇನ್ನೊಂದು ಸಣ್ಣ ಲೆಕ್ಕ. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 100 ಮೆಗಾಬೈಟ್ ಅಲ್ಲ, 100 ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ ಸಿನಿಮಾ ಡೌನ್‌ಲೋಡ್ ಮಾಡುವಾಗ ಸೆಕೆಂಡಿಗೆ 12 ಮೆಗಾಬೈಟ್ ಬಂದರೆ ಯಾರೂ ಮೋಸ ಮಾಡಿಲ್ಲ, ಸರಿಯಾಗೇ ಬರುತ್ತಿದೆ.

ಮನೆಯೊಳಗೆ ಅಳತೆ

ಸಿಗ್ನಲ್ ಅಳೆಯುವುದಕ್ಕೆ ಫೋನಿನಲ್ಲಿ ಉಚಿತ ಆ್ಯಪ್‌ಗಳಿವೆ. ಅಳತೆ ಡಿಬಿಎಂ ಅನ್ನುವ ಲೆಕ್ಕದಲ್ಲಿ ಬರುತ್ತೆ, ಅಂಕಿ ಮೈನಸ್‌ನಲ್ಲಿರುತ್ತೆ. ಸೊನ್ನೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು. ಪ್ರತಿ 10 ಇಳಿದಾಗ ಸಿಗ್ನಲ್ಲಿನ ಶಕ್ತಿ ಹತ್ತನೇ ಒಂದು ಭಾಗಕ್ಕೆ ಬೀಳುತ್ತೆ. ವಿಡಿಯೋ ಕಾಲ್ ತೊಡಕಿಲ್ಲದೆ ನಡೆಯಬೇಕೆಂದರೆ ಸುಮಾರು ಮೈನಸ್ 67ರವರೆಗೆ ಇರಬೇಕು. 80 ದಾಟಿದರೆ ಕಷ್ಟ.

ಅಪ್ಪ ಹಳೇ ಡೈರಿಯ ಹಾಳೆಯಲ್ಲಿ ಮನೆಯ ನಕ್ಷೆ ಬರೆದರು. ನಾನು ಫೋನ್ ಹಿಡಿದು ಓಡಾಡುತ್ತಾ ಕೂಗಿದೆ, ಅವರು ಬರೆದುಕೊಂಡರು. ನನ್ನ ಮೇಜು: ಮೈನಸ್ 38. ಹಾಲ್: 74. ಅಡುಗೆಮನೆ: 77. ಅಪ್ಪನ ರೂಮು: 82. ನನ್ನ ಮೇಜಿಗೂ ಅಪ್ಪನ ಮಂಚಕ್ಕೂ 44ರ ಅಂತರ. ಲೆಕ್ಕ ಹಾಕಿದರೆ ಇಪ್ಪತ್ತೈದು ಸಾವಿರ ಪಟ್ಟು ಕಮ್ಮಿ. ಒಂದೇ ಮನೆಯಲ್ಲಿ!

ಆಮೇಲೆ ಮೆಟ್ಟಿಲು. ಕೆಳಗಿನಿಂದ ಒಂದೊಂದೇ ಹತ್ತುತ್ತಾ ಅಳೆದೆ. ಐದನೇ ಮೆಟ್ಟಿಲಲ್ಲಿ 76. ಎಂಟರಲ್ಲಿ 72. ಹನ್ನೊಂದನೆಯದರಲ್ಲಿ 66. ನನ್ನ ರೂಮಿನ ಕಿಟಕಿಗೆ ಮರೆಯಿಲ್ಲದೆ ಎದುರಾಗುವ ಮೊದಲ ಮೆಟ್ಟಿಲು ಅದು. ಗಾಜು ಸಿಗ್ನಲ್ಲನ್ನು ಹೆಚ್ಚು ತಡೆಯುವುದಿಲ್ಲ. ಅಲ್ಲಿಂದ ಕೆಳಗೆ ಕೂತರೆ ದೊಡ್ಡಪ್ಪ ನಿಲ್ಲುತ್ತಾರೆ, ಮೇಲೆ ಹತ್ತುವುದು ಮಂಡಿಗೆ ಆಗುವುದಿಲ್ಲ. ಡಿಬಿಎಂ ಹೆಸರೇ ಕೇಳದ ಅಪ್ಪ, ಎಷ್ಟೋ ಸಂಜೆ ಒಂದೊಂದು ಮೆಟ್ಟಿಲಲ್ಲಿ ಕೂತು ನೋಡಿ ಆ ಜಾಗವನ್ನು ಸರಿಯಾಗೇ ಹುಡುಕಿದ್ದರು.

"ಯಾಕೆ ಹೇಳಲಿಲ್ಲ ಅಪ್ಪ? ಡಬ್ಬಿ ಕೆಳಗೆ ಇಡಬಹುದಿತ್ತಲ್ಲ?"

"ನಿನ್ನ ಕೆಲಸ ಅದರಲ್ಲೇ ಅಲ್ವಾ ನಡಿಯೋದು. ಅದನ್ನ ಮುಟ್ಟೋದು ಬೇಡ ಅಂತ."

ನಾನು ಏನೂ ಹೇಳಲಿಲ್ಲ. ಅಡುಗೆಮನೆಯ ಅಂಕಿ ಇನ್ನೊಮ್ಮೆ ನೋಡಿಕೊಂಡು ಬರುತ್ತೇನೆ ಅಂತ ಒಳಗೆ ಹೋದೆ.

ಗೋಡೆ, ಬೀರು, ಗಣೇಶನ ಆರ್ಕೆಸ್ಟ್ರಾ

ಸಿಗ್ನಲ್ ಯಾಕೆ ಸಾಯುತ್ತೆ ಅಂತ ನಕ್ಷೆ ನೋಡಿದರೆ ಗೊತ್ತಾಯಿತು. ಅಪ್ಪನ ರೂಮು ಮನೆ ಕಟ್ಟಿ ಎಷ್ಟೋ ವರ್ಷದ ಮೇಲೆ ಹಿಂದುಗಡೆ ಸೇರಿಸಿದ್ದು. ಹಾಗಾಗಿ ನಡುವಿನ ಗೋಡೆ ಮೊದಲು ಮನೆಯ ಹೊರಗೋಡೆಯಾಗಿತ್ತು, ಒಂಬತ್ತು ಇಂಚು ದಪ್ಪ. ಆ ಗೋಡೆಗೆ ಒರಗಿ ಅಮ್ಮನ ಮದುವೆಯಲ್ಲಿ ಬಂದ ಕಬ್ಬಿಣದ ಬೀರು. ಮೇಲೆ ಕಂಬಿ ಹೆಣೆದ ಆರ್‌ಸಿಸಿ ಮೋಲ್ಡು. ರೇಡಿಯೋ ಅಲೆಗೆ ಲೋಹ ಎಂದರೆ ಕನ್ನಡಿ ಇದ್ದ ಹಾಗೆ, ತಿರುಗಿ ಬರುತ್ತೆ. ಕಾಂಕ್ರೀಟು, ಇಟ್ಟಿಗೆ ಒಂದಷ್ಟು ಹೀರಿಕೊಳ್ಳುತ್ತವೆ. ನೀರೂ ಹೀರುತ್ತೆ, ಹಾಗಾಗಿ ದೊಡ್ಡ ಮೀನಿನ ತೊಟ್ಟಿ ಪಕ್ಕ ರೌಟರ್ ಇಡಬಾರದು.

ವೈಫೈ ಸಾಮಾನ್ಯವಾಗಿ ಎರಡು ಬ್ಯಾಂಡ್‌ಗಳಲ್ಲಿ ಓಡುತ್ತೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ವ್ಯತ್ಯಾಸ ತಿಳಿಯಬೇಕಾದರೆ ಗಣೇಶನ ಹಬ್ಬದ ಆರ್ಕೆಸ್ಟ್ರಾ ನೆನಪಿಸಿಕೊಳ್ಳಿ. ಪಕ್ಕದ ಬೀದಿಯ ಪೆಂಡಾಲಿನಲ್ಲಿ ಹಾಡು ಜೋರಾಗಿದ್ದರೂ, ಬಾಗಿಲು ಹಾಕಿದ ಮೇಲೆ ನಮ್ಮ ಮನೆಯೊಳಗೆ ಬರುವುದು ಬರೀ ಡ್ರಮ್ಸಿನ ಗುಡುಗುಡು. ಹಾಡುವವರ ದನಿ, ಕೀಬೋರ್ಡು ಗೋಡೆಯಲ್ಲೇ ನಿಲ್ಲುತ್ತವೆ. 2.4 ಡ್ರಮ್ಸಿನ ಹಾಗೆ: ಗೋಡೆ ದಾಟುತ್ತೆ, ದೂರ ಹೋಗುತ್ತೆ, ವೇಗ ಕಮ್ಮಿ. 5 ಕೀಬೋರ್ಡಿನ ಹಾಗೆ: ಹತ್ತಿರವಿದ್ದರೆ ಬಹಳ ವೇಗ, ಗೋಡೆ ಅಡ್ಡ ಬಂದರೆ ಮಂಕು. 5 ಇರುವುದರಿಂದ ಹೊಸದು, 2.4 ಹಳೆಯದು ಅಂತ ಅಲ್ಲ, ಎರಡೂ ಬೇಕು. ಇನ್ನೊಂದು ಮಾತು: ಇದಕ್ಕೂ ಮೊಬೈಲಿನ 5ಜಿಗೂ ಸಂಬಂಧವಿಲ್ಲ. ಹೆಸರಿನಲ್ಲಿ 5 ಇದೆ, ಅಷ್ಟೇ.

2.4ರಲ್ಲಿ ಇನ್ನೊಂದು ಗೋಳು ಜನಸಂದಣಿ. ನಮ್ಮ ದೇಶದಲ್ಲಿ ಈ ಬ್ಯಾಂಡ್ ಬಳಸಲು ಮನೆಯವರು ಲೈಸೆನ್ಸ್ ಪಡೆಯಬೇಕಿಲ್ಲ, 2005ರಲ್ಲೇ ಮುಕ್ತ ಮಾಡಿದ್ದಾರೆ. ಹಾಗಾಗಿ ಎಲ್ಲರೂ ಅಲ್ಲೇ ಇದ್ದಾರೆ: ಬ್ಲೂಟೂತ್, ಮೈಕ್ರೋವೇವ್ ಓವನ್ನು, ಅಕ್ಕಪಕ್ಕದ ಮನೆಗಳು. ನಮ್ಮ ಹಾಲ್‌ನಲ್ಲಿ ನಿಂತು ನೋಡಿದರೆ ಹತ್ತೊಂಬತ್ತು ವೈಫೈ ಹೆಸರು ಕಂಡವು. 30-40 ಸೈಟಿನ ಏರಿಯಾದಲ್ಲಿ ಗೋಡೆಗೆ ಗೋಡೆ ಅಂಟಿದರೆ ಇನ್ನೇನಾಗುತ್ತೆ? ಈ ಬ್ಯಾಂಡಿನಲ್ಲಿ 13 ಚಾನೆಲ್‌ಗಳಿದ್ದರೂ ಅವು ಒಂದರ ಮೇಲೊಂದು ಹಾಸಿಕೊಂಡಿವೆ. ಒಂದಕ್ಕೊಂದು ತಾಗದವು ಮೂರೇ: 1, 6, 11. ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು. ಉಳಿದವರು ಕೇಳಿಸಿಕೊಂಡು, ಸುಮ್ಮನಾದ ಮೇಲೆ ಬಾಯಿ ತೆರೆಯಬೇಕು. ನಮ್ಮದು 6ರಲ್ಲಿತ್ತು, ಅದೇ 6ರಲ್ಲಿ ಇನ್ನೂ ಎಂಟು ಮನೆ. 11ರಲ್ಲಿ ಮೂರೇ. ಬದಲಾಯಿಸಿದೆವು. ಖರ್ಚು ಸೊನ್ನೆ.

ಎಸ್‌ಪಿ ರೋಡಿನಲ್ಲಿ ಅಪ್ಪ

ಈಗ ಮುಖ್ಯ ರಿಪೇರಿ. ರಿಪೀಟರ್ ಅಂತ ಸಿಗುತ್ತೆ, ಪ್ಲಗ್‌ಗೆ ಸಿಕ್ಕಿಸಿದರೆ ಆಯಿತು. ಆದರೆ ಕಮ್ಮಿ ಬೆಲೆಯವು ಕೇಳಿದ್ದನ್ನೇ ಅದೇ ಗಾಳಿಯಲ್ಲಿ ಇನ್ನೊಮ್ಮೆ ಹೇಳುತ್ತವೆ, ಹಾಗಾಗಿ ವೇಗ ಸುಮಾರು ಅರ್ಧವಾಗುತ್ತೆ. ಮೆಶ್ ಒಳ್ಳೆಯದೇ, ಆದರೆ ಡಬ್ಬಿ ಡಬ್ಬಿಯ ನಡುವೆ ಅದೇ ಮೋಲ್ಡು, ಅದೇ ಗೋಡೆ ಇರುತ್ತಲ್ಲ?

"ಗಾಳೀಲಿ ಆಗಲ್ಲ ಅಂದ್ರೆ ತಂತಿ ಎಳಿ" ಅಂದರು ಅಪ್ಪ.

ಅದೇ ಸರಿಯಾದ ಉತ್ತರವಾಗಿತ್ತು. ಅಟ್ಟದ ಮೇಲೆ ಹಿಂದಿನ ಕನೆಕ್ಷನ್ನಿನ ಹಳೇ ರೌಟರ್ ಇತ್ತು. ನನ್ನ ರೂಮಿನಿಂದ ಕೆಳಗೆ ಒಂದು ಈಥರ್‌ನೆಟ್ ಕೇಬಲ್ ಎಳೆದು ಅದಕ್ಕೆ ಸಿಕ್ಕಿಸಿದರೆ, ಅದು ಕೆಳಗಿನ ಮನೆಗೆ ಇನ್ನೊಂದು ವೈಫೈ ನಲ್ಲಿಯಾಗುತ್ತೆ. ಇದಕ್ಕೆ ಆ್ಯಕ್ಸೆಸ್ ಪಾಯಿಂಟ್ ಅನ್ನುತ್ತಾರೆ. ಈ ಕೇಬಲ್ 100 ಮೀಟರ್‌ವರೆಗೂ ವೇಗ ಕಳೆದುಕೊಳ್ಳುವುದಿಲ್ಲ. ನಮಗೆ ಬೇಕಾಗಿದ್ದು 18.

ಮಧ್ಯಾಹ್ನ ಊಟ ಮಾಡಿ ಮೆಟ್ರೋದಲ್ಲಿ ಕೆ.ಆರ್. ಮಾರ್ಕೆಟ್‌ಗೆ ಹೋಗಿ, ಅಲ್ಲಿಂದ ಎಸ್‌ಪಿ ರೋಡು. ಭಾನುವಾರ ಎಷ್ಟೋ ಅಂಗಡಿ ಮುಚ್ಚಿದ್ದವು, ಒಂದು ಸಿಕ್ಕಿತು. ಅಂಗಡಿಯವರು ಕ್ಯಾಟ್ 6 ಕೇಬಲ್ ಅಂತ ಒಂದನ್ನು ಎಳೆದರು. ಅಪ್ಪ ತುದಿ ಕೇಳಿ ಪಡೆದು, ಜೇಬಿನ ಚಾಕು ತೆಗೆದು ಒಳಗಿನ ತಂತಿ ಕೆರೆದರು. ಮೇಲೆ ತಾಮ್ರದ ಬಣ್ಣ, ಕೆರೆದರೆ ಒಳಗೆ ಬಿಳಿ. "ಇದು ಅಲ್ಯೂಮಿನಿಯಮ್ಮು. ಮೇಲೆ ತಾಮ್ರ ಲೇಪ. ಪೂರ್ತಿ ತಾಮ್ರದ್ದು ಕೊಡಿ ಸ್ವಾಮಿ." ಅಂಗಡಿಯವರು ನಕ್ಕು ಬೇರೆ ಬಾಕ್ಸ್ ತೆಗೆದರು. ಇಂಟರ್ನೆಟ್‌ನಲ್ಲಿ ಹುಡುಕಿದ್ದರೆ ನನಗೂ ಗೊತ್ತಾಗುತ್ತಿತ್ತೇನೋ, ಆದರೆ ಹುಡುಕಬೇಕು ಅಂತಲೇ ನನಗೆ ಹೊಳೆದಿರಲಿಲ್ಲ. ಕೇಬಲ್, ಪಿನ್ನು, ಪಿವಿಸಿ ಪೈಪು ಎಲ್ಲ ಸೇರಿ ಸಾವಿರ ರೂಪಾಯಿ ಆಸುಪಾಸು.

ಪೈಪು ಹೊಡೆದವರು ಅಪ್ಪ. ಅಳತೆ ಪಟ್ಟಿ, ಪೆನ್ಸಿಲ್ ಗುರುತು, ಒಂದು ಅಡಿಗೆ ಒಂದು ಕ್ಲಿಪ್ಪು. ನಾನು ಏಣಿ ಹಿಡಿದುಕೊಂಡೆ.

ಒಂದೇ ಬಸ್ಸಲ್ಲಿ ಇಬ್ಬರು ಕಂಡಕ್ಟರ್

ಸೆಟ್ಟಿಂಗ್ ನನ್ನ ಪಾಲಿನ ಕೆಲಸ. ಜಂಬದಿಂದ ಹಳೇ ರೌಟರನ್ನು ಹಾಗೇ ಸಿಕ್ಕಿಸಿ ಆನ್ ಮಾಡಿದೆ. ಹತ್ತು ನಿಮಿಷದಲ್ಲಿ ಇಡೀ ಮನೆಯ ನೆಟ್ ನಿಂತಿತು. ಅಮ್ಮನ ಸೀರಿಯಲ್ಲೂ ನಿಂತಿತು. ಅರ್ಧ ಗಂಟೆ ಬೆವರು ಸುರಿಸಿದ ಮೇಲೆ ಗೊತ್ತಾಯಿತು ನನ್ನ ತಪ್ಪು.

ಮನೆಗೆ ಬಂದ ಪ್ರತಿ ಫೋನಿಗೂ ರೌಟರ್ ಒಂದು ನಂಬರ್ ಕೊಡುತ್ತೆ, ಹೊರಗೆ ಹೋಗಬೇಕಾದರೆ ಯಾವ ಬಾಗಿಲಿಂದ ಹೋಗಬೇಕು ಅಂತಲೂ ಹೇಳುತ್ತೆ. ಈ ಕೆಲಸಕ್ಕೆ ಡಿಎಚ್‌ಸಿಪಿ ಅಂತ ಹೆಸರು. ಈಗ ಎರಡು ರೌಟರ್‌ಗಳೂ ನಂಬರ್ ಹಂಚಲು ಶುರು ಮಾಡಿದ್ದವು. ಹಳೆಯದು "ನಾನೇ ಬಾಗಿಲು" ಅಂತ ಹೇಳುತ್ತಿತ್ತು, ಅದರ ಹಿಂದೆ ಇಂಟರ್ನೆಟ್ಟೇ ಇರಲಿಲ್ಲ.

"ಒಂದೇ ಬಸ್ಸಲ್ಲಿ ಇಬ್ಬರು ಕಂಡಕ್ಟರ್ ಹತ್ತಿಸಿದೀಯ" ಅಂದರು ಅಪ್ಪ.

ಸರಿಯಾದ ಕ್ರಮ ಹೀಗಿದೆ, ಬೇಕಾದವರು ಉಳಿಸಿಟ್ಟುಕೊಳ್ಳಿ. ಹಳೇ ರೌಟರ್‌ನಲ್ಲಿ ಡಿಎಚ್‌ಸಿಪಿ ಆಫ್ ಮಾಡಿ. ಅದರ ವಿಳಾಸವನ್ನು ಮುಖ್ಯ ರೌಟರ್‌ಗಿಂತ ಬೇರೆ ಮಾಡಿ. ನಮ್ಮಲ್ಲಿ ಮುಖ್ಯದ್ದು 192.168.1.1, ಹಳೆಯದಕ್ಕೆ 192.168.1.2 ಕೊಟ್ಟೆ. ಕೇಬಲ್ಲನ್ನು ವ್ಯಾನ್ ಎಂದು ಬರೆದ ತೂತಿಗಲ್ಲ, ಲ್ಯಾನ್ ತೂತಿಗೆ ಹಾಕಿ. ಎರಡಕ್ಕೂ ಅದೇ ವೈಫೈ ಹೆಸರು, ಅದೇ ಪಾಸ್‌ವರ್ಡ್ ಇಟ್ಟರೆ ಫೋನು ಸಿಗ್ನಲ್ ನೋಡಿಕೊಂಡು ತಾನೇ ಬದಲಾಯಿಸಿಕೊಳ್ಳುತ್ತೆ. ಚಾನೆಲ್ ಮಾತ್ರ ಬೇರೆ ಬೇರೆ ಇರಲಿ: ಮೇಲೆ 11, ಕೆಳಗೆ 1.

ಅದೇ ಹೊತ್ತಿಗೆ ಇನ್ನೊಂದು ಪತ್ತೆಯಾಯಿತು. ನಮ್ಮ ವೈಫೈನಲ್ಲಿ ನಮ್ಮದಲ್ಲದ ನಾಲ್ಕು ಫೋನುಗಳಿದ್ದವು. ವಿಚಾರಿಸಿದರೆ, ಪಕ್ಕದ ಮನೆಯ ಹುಡುಗನಿಗೆ ಪರೀಕ್ಷೆ ಹೊತ್ತಿಗೆ ಅಂತ ಅಮ್ಮನೇ ಪಾಸ್‌ವರ್ಡ್ ಕೊಟ್ಟಿದ್ದರು. ಅದು ಅವನ ಗೆಳೆಯರಿಗೂ ತಲುಪಿತ್ತು. ಅಮ್ಮನನ್ನು ಬೈಯುವ ಹಾಗಿರಲಿಲ್ಲ, ಯಾಕೆಂದರೆ ರೌಟರ್‌ನ ಅಡ್ಮಿನ್ ಪಾಸ್‌ವರ್ಡ್ ಡಬ್ಬಿಯ ಸ್ಟಿಕ್ಕರ್‌ನಲ್ಲಿ ಇದ್ದದ್ದೇ ಇತ್ತು. ಅದನ್ನು ಬದಲಾಯಿಸಬೇಕಾದವನು ನಾನು. ಈಗ ಎರಡೂ ಬದಲಾಗಿವೆ, ಸುರಕ್ಷತೆ ಡಬ್ಲ್ಯುಪಿಎ2 ಮೇಲಿದೆ. ಬಂದವರಿಗೆ ಬೇರೆಯೇ ಗೆಸ್ಟ್ ನೆಟ್‌ವರ್ಕ್ ಇದೆ. ಹುಡುಗನಿಗೂ ಅದರ ಪಾಸ್‌ವರ್ಡ್ ಕೊಟ್ಟಿದ್ದೇವೆ, ಪರೀಕ್ಷೆ ಮುಗಿದಿಲ್ಲವಂತೆ.

ಬಾರ!

ಹಳೇ ರೌಟರನ್ನು ಅಡುಗೆಮನೆಗೂ ಅಪ್ಪನ ರೂಮಿಗೂ ನಡುವಿನ ಪ್ಯಾಸೇಜಿನಲ್ಲಿ, ತಲೆಯ ಎತ್ತರಕ್ಕೆ ಹಲಗೆ ಹೊಡೆದು ಇಟ್ಟೆವು. ಬೀರುವನ್ನು ಪಕ್ಕದ ಗೋಡೆಗೆ ಸರಿಸಿದೆವು. ಅಪ್ಪನ ಮಂಚದ ಮೇಲೆ ಅಳೆದರೆ ಮೈನಸ್ 49.

ಸಂಜೆ ಏಳಕ್ಕೆ ಅಪ್ಪ ರೂಮಿನಲ್ಲೇ, ಮಂಚದ ಮೇಲೆ ಕಾಲು ಚಾಚಿ ಕೂತು ಕಾಲ್ ಮಾಡಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಮೆಟ್ಟಿಲ ಮೇಲೆ ಆಡುವಾಗ ಸಿಗ್ನಲ್ ಆಗಾಗ ಕೈಕೊಡುತ್ತಿತ್ತಂತೆ, ಅದೂ ಸರಿಯಾಗಿ ಕವಡೆ ಬೀಳುವ ಹೊತ್ತಿಗೆ. ಎಷ್ಟು ಬಿತ್ತು ಅಂತ ದೊಡ್ಡಮ್ಮ ಬಾಯಲ್ಲಿ ಹೇಳಿದ್ದನ್ನೇ ನಂಬಬೇಕಿತ್ತು. ಅಣ್ಣ ಅತ್ತಿಗೆ ಸೇರಿ ಮೋಸ ಮಾಡುತ್ತಾರೆ ಅಂತ ಅಪ್ಪನಿಗೆ ಒಳಗೊಳಗೇ ಗುಮಾನಿ ಇತ್ತು ಅನ್ನುವುದು ಆವತ್ತೇ ನನಗೆ ಗೊತ್ತಾಗಿದ್ದು.

ದೊಡ್ಡಪ್ಪ ಎಡಗೈಯಲ್ಲಿ ನಾಲ್ಕು ಕವಡೆ ಎಸೆದರು. ಅವು ನೆಲದ ಮೇಲೆ ಉರುಳುವುದು, ಒಂದು ತಿರುಗಿ ನಿಲ್ಲುವುದು ಎಲ್ಲ ಕಾಣಿಸಿತು. ನಾಲ್ಕೂ ಬೋರಲು. ಬಾರ. ಎಂಟು. ದೊಡ್ಡಪ್ಪ ಬೆರಳು ಎತ್ತಿ ಅಪ್ಪನ ಕಾಯಿಯ ಕಡೆ ತೋರಿಸಿದರು: ಕಡಿ. ಆಮೇಲೆ ನಕ್ಕರು. ಬಾಯಿ ಒಂದು ಕಡೆಗೆ ಸೊಟ್ಟಗೆ, ದನಿಯಿಲ್ಲದ ನಗು. ಆದರೆ ಅದು ಶುರುವಾಗಿ ಮುಗಿಯುವವರೆಗೂ ಎಲ್ಲೂ ನಿಲ್ಲಲಿಲ್ಲ.

"ನೋಡು, ನಿಜವಾಗ್ಲೂ ಬಾರ ಹಾಕ್ತಾನೆ ಇವನು" ಅಂದರು ಅಪ್ಪ. ಸೋತಿದ್ದಕ್ಕೆ ಅಷ್ಟು ಖುಷಿಪಟ್ಟವರನ್ನು ನಾನು ನೋಡಿರಲಿಲ್ಲ.

ವೈಫೈಯ ಮೂಲ ಗುಣಮಟ್ಟ 802.11 ಬಂದದ್ದು 1997ರಲ್ಲಿ, ಸೆಕೆಂಡಿಗೆ ಹೆಚ್ಚೆಂದರೆ 2 ಮೆಗಾಬಿಟ್. ಅದೇ ವರ್ಷ ಬಿಟಿಎಸ್ ಹೋಗಿ ಬಿಎಂಟಿಸಿ ಆದದ್ದು ಅಂತ ಅಪ್ಪ ನೆನಪಿಸಿದರು. ಈಗ ಕರೆಂಟ್ ಹೋದರೂ ಆಟ ನಿಲ್ಲದಿರಲಿ ಅಂತ ಮೇಲೊಂದು ಕೆಳಗೊಂದು 12 ವೋಲ್ಟಿನ ಪುಟ್ಟ ಯುಪಿಎಸ್ ಹಾಕಿದ್ದೇವೆ. ಮಳೆಗಾಲದ ವಸಂತಪುರದಲ್ಲಿ ಅದು ಬೇಕೇ ಬೇಕು.

ನಿಮ್ಮ ಮನೆಯಲ್ಲೂ ಯಾರಾದರೂ ಫೋನ್ ಹಿಡಿದು ಬಾಲ್ಕನಿಯಲ್ಲೋ, ಗೇಟಿನ ಹತ್ತಿರವೋ, ಮೆಟ್ಟಿಲ ಮೇಲೋ ದಿನಾ ಒಂದೇ ಜಾಗದಲ್ಲಿ ನಿಲ್ಲುತ್ತಿದ್ದರೆ, ಗಾಳಿಗೆ ನಿಂತಿದ್ದಾರೆ ಅಂದುಕೊಳ್ಳಬೇಡಿ. ಹೋಗಿ ಒಂದು ಮಾತು ಕೇಳಿ. ಆಮೇಲೆ ರೌಟರ್ ಎಲ್ಲಿದೆ ಅಂತ ನೋಡಿ. ನಮ್ಮ ಮನೆಯ ಹಾಗೆ ನಿಮ್ಮ ಮೇಜಿನ ಮೇಲೇ ಇರಬಹುದು.